ಹಾರುವ ಕಪ್ಪೆಯೂ ವರ್ಷಾಯೋಗದ ನಿಯಮವೂ

ಆಷಾಢ ಶುಕ್ಲ ಚತುರ್ದಶಿಯಂದು ಮುನಿಸಂಘಗಳು ವರ್ಷಾಯೋಗವನ್ನು ಸ್ಥಾಪಿಸಿ ಒಂದೆಡೆ ನೆಲೆ ನಿಲ್ಲುತ್ತವೆ. ಸುಮಾರಾಗಿ ಅದೇ ದಿನಗಳಲ್ಲಿ ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ ಇನ್ನೊಂದು ಜೀವವು ವರ್ಷವಿಡೀ ವಾಸವಾಗಿದ್ದ ಎತ್ತರದ ಮರದ ಕೊಂಬೆಗಳನ್ನು ಬಿಟ್ಟು ನೀರಿನ ಬಳಿಗೆ ಇಳಿದು ಬರುತ್ತದೆ. ಅದು ಇಳಿಯುವ ರೀತಿಯೇ ಬೇರೆ. ಕಾಂಡವನ್ನು ಹಿಡಿದು ಜಾರುವುದಿಲ್ಲ. ಕೊಂಬೆಯಿಂದ ಗಾಳಿಗೆ ಜಿಗಿದು, ನಾಲ್ಕೂ ಪಾದಗಳನ್ನು ಅಗಲಿಸಿ, ತೇಲುತ್ತ ಇನ್ನೊಂದು ಮರಕ್ಕೆ ತಲುಪುತ್ತದೆ. ಮಲೆನಾಡಿಗರು ಹಾರುವ ಕಪ್ಪೆ ಎಂದು ಕರೆಯುವ ಈ ಜೀವಿಗೆ ಶಾಸ್ತ್ರಜ್ಞರಿಟ್ಟ ಹೆಸರು ರಾಕೋಫೋರಸ್ ಮಲಬಾರಿಕಸ್. 1870ರಲ್ಲಿ ಜೆರ್ಡಾನ್ ಎಂಬ ಆಂಗ್ಲ ವಿದ್ವಾಂಸನು ಇದನ್ನು ಮೊದಲು ವರ್ಣಿಸಿದನು. ಪಶ್ಚಿಮಘಟ್ಟವನ್ನು ಬಿಟ್ಟರೆ ಪ್ರಪಂಚದ ಬೇರೆಲ್ಲಿಯೂ ಇದು ಸ್ವಾಭಾವಿಕವಾಗಿ ಇಲ್ಲ.

ದೇಹದ ಉದ್ದ ಸುಮಾರು 10 ಸೆಂಟಿಮೀಟರ್. ಬೆನ್ನು ಎಳೆಯ ಬಾಳೆಲೆಯ ಹಸಿರು, ಹೊಟ್ಟೆ ತಿಳಿ ಹಳದಿ. ಬೆರಳುಗಳ ನಡುವೆ ಕೆಂಪು ಮಿಶ್ರಿತ ಕಿತ್ತಳೆ ಬಣ್ಣದ ತೆಳುವಾದ ಪೊರೆ. ಎಲೆಯ ಮೇಲೆ ಕಾಲು ಮಡಚಿ ಕುಳಿತಾಗ ಈ ಪೊರೆ ಕಾಣುವುದೇ ಇಲ್ಲ, ಕಪ್ಪೆಯೂ ಎಲೆಯೂ ಒಂದೇ. ಜಿಗಿದ ಕ್ಷಣದಲ್ಲಿ ಮಾತ್ರ ನಾಲ್ಕು ಪಾದಗಳು ನಾಲ್ಕು ಪುಟ್ಟ ಕೊಡೆಗಳಂತೆ ಬಿಚ್ಚಿಕೊಳ್ಳುತ್ತವೆ. ಇದು ಹಕ್ಕಿಯ ಹಾರಾಟವಲ್ಲ. ರೆಕ್ಕೆಯ ಬಡಿತವಿಲ್ಲ, ಮೇಲೇರುವ ಶಕ್ತಿಯಿಲ್ಲ. ಬೀಳುವುದನ್ನೇ ನಿಧಾನಗೊಳಿಸಿ, ಓರೆಯಾಗಿ ತಿರುಗಿಸಿ, ಬೇಕಾದ ಕಡೆಗೆ ಸಾಗಿಸಿಕೊಳ್ಳುವ ಜಾಣ್ಮೆ. ಹೀಗೆ 9ರಿಂದ 12 ಮೀಟರ್ ದೂರ ತೇಲಬಲ್ಲದೆಂದು ಬಲ್ಲವರು ಹೇಳುತ್ತಾರೆ. ಬೆರಳ ತುದಿಯ ಅಗಲವಾದ ಮೆತ್ತೆಗಳು ಒದ್ದೆ ಎಲೆಗೂ ಅಂಟಿಕೊಳ್ಳುವುದರಿಂದ ತಲುಪಿದಲ್ಲಿ ಜಾರಿ ಬೀಳುವುದಿಲ್ಲ.

ಕಪ್ಪೆ ಹಾರುತ್ತದೆ ಎಂದರೆ ಹಿಂದೆ ನಂಬುವವರು ಕಡಿಮೆಯಿದ್ದರು. ಆಲ್ಫ್ರೆಡ್ ರಸೆಲ್ ವಾಲೇಸ್ ಎಂಬ ನಿಸರ್ಗಶಾಸ್ತ್ರಜ್ಞನಿಗೆ ಬೋರ್ನಿಯೋ ದ್ವೀಪದ ಸರವಾಕ್ ಪ್ರಾಂತದಲ್ಲಿ ಒಬ್ಬ ಚೀನೀ ಕೂಲಿಕಾರನು ಇದೇ ಬಳಗದ ಕಪ್ಪೆಯೊಂದನ್ನು ಹಿಡಿದು ತಂದು, ಎತ್ತರದ ಮರದಿಂದ ಓರೆಯಾಗಿ ಹಾರಿದಂತೆ ಇಳಿಯಿತೆಂದು ತಿಳಿಸಿದನಂತೆ. ವಾಲೇಸ್ 1869ರಲ್ಲಿ ಪ್ರಕಟಿಸಿದ ತನ್ನ ಪ್ರವಾಸ ಗ್ರಂಥದಲ್ಲಿ ಅದರ ಚಿತ್ರವನ್ನೂ ಕೊಟ್ಟನು. ಕಂಡವನು ಹೆಸರಿಲ್ಲದ ಕೂಲಿಕಾರ, ಕೀರ್ತಿ ಬರೆದವನಿಗೆ. ಲೋಕದ ರೀತಿಯೇ ಹಾಗೆ.

ನಮ್ಮ ಘಟ್ಟಗಳಲ್ಲಿ ಇದರ ಬಂಧುಗಳು ಇನ್ನೂ ಇವೆ. ಕೊಡಗು, ವಯನಾಡಿನ ಕಡೆಯ ಕಾಫಿ ಸೀಮೆಯಲ್ಲಿ ಹೆಬ್ಬೆರಳಿಗಿಂತ ಹೆಚ್ಚು ದೊಡ್ಡದಲ್ಲದ ಒಂದು ಹಾರುವ ಕಪ್ಪೆಯುಂಟು, ರಾಕೋಫೋರಸ್ ಲ್ಯಾಟೆರಾಲಿಸ್ ಎಂದು ಅದರ ಹೆಸರು. 1883ರಲ್ಲಿ ವರ್ಣಿತವಾದ ಅದು ಬಹುಕಾಲ ಶೋಧಕರ ಕಣ್ಣಿಗೆ ಬೀಳದೆ, ಮತ್ತೆ ಪತ್ತೆಯಾದದ್ದು ಇತ್ತೀಚಿನ ದಶಕಗಳಲ್ಲಿ. ಅದರ ಹೆಣ್ಣು ಮೊಟ್ಟೆಯಿಟ್ಟ ಮೇಲೆ ಹಿಂಗಾಲುಗಳಿಂದ ಎಲೆಯನ್ನು ಮಡಚಿ, ಸಂಚಿಯ ಬಾಯಿ ಮುಚ್ಚಿದಂತೆ ಮುಚ್ಚುತ್ತದೆ. ಕಲಿಸಿದವರಾರೂ ಇಲ್ಲ.

ಮಲಬಾರಿನ ಹಾರುವ ಕಪ್ಪೆಯ ಗೂಡೂ ಸೋಜಿಗವೇ. ಕೆರೆ, ಕೊಳ ಅಥವಾ ಮಳೆನೀರು ನಿಂತ ಹೊಂಡದ ಮೇಲೆ ಬಾಗಿದ ಕೊಂಬೆಯನ್ನು ಜೋಡಿ ಆರಿಸಿಕೊಳ್ಳುತ್ತದೆ. ಹೆಣ್ಣು ತನ್ನ ದೇಹದಿಂದ ಒಸರಿದ ದ್ರವವನ್ನು ಹಿಂಗಾಲುಗಳಿಂದ ಕಡೆಯುತ್ತದೆ. ಮಜ್ಜಿಗೆ ಕಡೆದಾಗ ಏಳುವಂತೆ ಬಿಳಿಯ ನೊರೆ ಏಳುತ್ತದೆ. ಮೊಟ್ಟೆಗಳೆಲ್ಲ ಆ ನೊರೆಯೊಳಗೆ. ಹೊರಪದರ ಗಾಳಿಗೆ ಆರಿ ಸ್ವಲ್ಪ ಗಟ್ಟಿಯಾದರೂ ಒಳಗಿನ ತೇವ ಆರದು. ಕೆಲವು ದಿನಗಳಲ್ಲಿ ಮರಿಗಳು ಮೊಟ್ಟೆಯೊಡೆದು, ಮಳೆಗೆ ನೊರೆ ಕರಗಿದಂತೆ ಒಂದೊಂದಾಗಿ ಕೆಳಗಿನ ನೀರಿಗೆ ತೊಟ್ಟಿಕ್ಕುತ್ತವೆ. ತಾಯಿಯ ಲೆಕ್ಕಾಚಾರವೆಲ್ಲ ಒಂದೇ ನಂಬಿಕೆಯ ಮೇಲೆ ನಿಂತಿದೆ: ಕೊಂಬೆಯ ಕೆಳಗೆ ಇಂದು ನೀರಿದೆ, ಮರಿ ಬೀಳುವ ದಿನವೂ ಇರುತ್ತದೆ. ಈ ನಂಬಿಕೆಯ ಮಾತಿಗೆ ಮತ್ತೆ ಬರುವೆ.

ಜಿನಾಗಮವು ಈ ಜೀವಿಯನ್ನು ಎಲ್ಲಿ ಇರಿಸುತ್ತದೆ? ಸ್ಪರ್ಶ, ರಸನೆ, ಘ್ರಾಣ, ಚಕ್ಷು, ಶ್ರೋತ್ರ ಐದೂ ಇರುವುದರಿಂದ ಪಂಚೇಂದ್ರಿಯ. ಗತಿಯಿಂದ ತಿರ್ಯಂಚ. ಪಂಚೇಂದ್ರಿಯ ತಿರ್ಯಂಚರಲ್ಲಿ ಜಲಚರ, ಸ್ಥಲಚರ, ನಭಚರವೆಂಬ ಮೂರು ಭೇದಗಳನ್ನು ಪಾಠಶಾಲೆಯ ಮಕ್ಕಳೂ ಬಾಯಿಪಾಠ ಹೇಳುತ್ತಾರೆ. ಎಲೆಯ ಮೇಲೆ ಹುಟ್ಟಿ, ನೀರಿನಲ್ಲಿ ಬೆಳೆದು, ಮರದಲ್ಲಿ ಬಾಳಿ, ಗಾಳಿಯಲ್ಲಿ ಸಂಚರಿಸುವ ಈ ಕಪ್ಪೆ ಯಾವ ಭೇದದ್ದೆಂದು ಮಗುವೊಂದು ಕೇಳಿದರೆ ಗುರುಗಳು ನಸುನಕ್ಕು ಜಲಚರವೆಂದೇ ಹೇಳಬೇಕಾದೀತು. ಅದಕ್ಕಿಂತ ತೊಡಕಿನ ಮಾತು ಇನ್ನೊಂದಿದೆ. ನಮ್ಮ ಗ್ರಂಥಗಳಲ್ಲಿ ಕಪ್ಪೆಯನ್ನು ಸಮ್ಮೂರ್ಛನ ಜನ್ಮದ ಜೀವಿಗಳ ಸಾಲಿನಲ್ಲಿ ಹೇಳಿದೆ, ಅಂದರೆ ತಾಯಿ ತಂದೆಯರ ಸಂಯೋಗವಿಲ್ಲದೆ ಸುತ್ತಲಿನ ಪುದ್ಗಲಗಳಿಂದ ದೇಹ ತಾಳುವವು. ಕಪ್ಪೆ ಮೊಟ್ಟೆಯಿಂದ ಹುಟ್ಟುವುದನ್ನು ಇಂದು ಎಲ್ಲರೂ ಬಲ್ಲರು. ಮೊಟ್ಟೆ ತಾಯಿಯ ಒಡಲಿನ ಹೊರಗೆ ಫಲಿತವಾಗುವುದರಿಂದ ಗರ್ಭಜವೆನ್ನಲಿಲ್ಲ ಎಂದು ಸಮಾಧಾನ ಹೇಳಬಹುದು. ನನಗೆ ಆ ಸಮಾಧಾನದ ಅಗತ್ಯ ತೋರುವುದಿಲ್ಲ. ವಿಜ್ಞಾನವು ಏನನ್ನು ಕಂಡರೂ ಅದು ನಮ್ಮಲ್ಲಿ ಮೊದಲೇ ಇತ್ತೆಂದು ಎದೆಯುಬ್ಬಿಸುವುದಾಗಲಿ, ಹೊಂದದಿದ್ದಾಗ ಮಾತು ಮರೆಸುವುದಾಗಲಿ ಆಗಮಕ್ಕೆ ಗೌರವ ತರುವ ಕೆಲಸಗಳಲ್ಲ. ಆಚಾರ್ಯರು ಜೀವಭೇದಗಳನ್ನು ಎಣಿಸಿದ್ದು ಯಾವ ಯಾವ ಜೀವವನ್ನು ಹೇಗೆ ರಕ್ಷಿಸಬೇಕೆಂದು ತಿಳಿಯಲೆಂದೇ.

ಆದರೆ ಅದೇ ಸಾಲಿನಲ್ಲಿ ಆಚಾರ್ಯರು ಹೇಳಿರುವ ಇನ್ನೊಂದು ಮಾತನ್ನು ನಾವು ಸಾಕಷ್ಟು ಗಮನಿಸಿಲ್ಲ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯಲ್ಲಿ ಸಂಯತಾಸಂಯತವೆಂಬ ಐದನೆಯ ಗುಣಸ್ಥಾನದ ಕಾಲವನ್ನು ವಿವರಿಸುವಾಗ ಮೀನು, ಆಮೆ, ಕಪ್ಪೆ ಮೊದಲಾದವುಗಳ ಉದಾಹರಣೆ ಬರುತ್ತದೆ. ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚವು ಸಮ್ಯಕ್ತ್ವವನ್ನು ಪಡೆದು ದೇಶಸಂಯಮವನ್ನೂ ಪಡೆಯಬಲ್ಲುದು ಎಂಬುದು ಅಲ್ಲಿಯ ಅಭಿಪ್ರಾಯ. ಐದನೆಯ ಗುಣಸ್ಥಾನವೆಂದರೆ ಯಾವುದು? ಅಣುವ್ರತಗಳನ್ನು ನಿಷ್ಠೆಯಿಂದ ಪಾಲಿಸುವ ಶ್ರಾವಕನದು. ಗೃಹಸ್ಥರಾದ ನಾವು ಏರಬಹುದಾದ ಮೆಟ್ಟಿಲು ಅಷ್ಟೇ. ಅದಕ್ಕೂ ಮೇಲಿನದು ಮುನಿಗಳದು. ಅಂದಮೇಲೆ ಆತ್ಮವಿಕಾಸದ ಏಣಿಯಲ್ಲಿ ಕಪ್ಪೆಗೆ ಸಾಧ್ಯವಿರುವ ಎತ್ತರವೂ ಬಿಳಿ ಪಂಚೆಯುಟ್ಟು ಬಸದಿಗೆ ಹೋಗುವ ನಮ್ಮ ಎತ್ತರವೂ ಒಂದೇ. ಈ ಮಹಾಗ್ರಂಥದ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದದ್ದು ಮೂಡುಬಿದಿರೆಯ ಸಿದ್ಧಾಂತ ಬಸದಿ. ಘಟ್ಟದ ಬುಡದ ಆ ಊರಿನಲ್ಲಿ ಮಳೆಗಾಲದ ರಾತ್ರಿ ಕಪ್ಪೆಗಳ ದನಿ ಕೇಳದ ಮನೆಯಿಲ್ಲ.

ಕಪ್ಪೆಯ ಕಥೆಯೆಂದರೆ ಶ್ರಾವಕರಿಗೆ ಥಟ್ಟನೆ ನೆನಪಾಗುವುದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ. ಅರ್ಹಂತರ ಪೂಜೆಯ ಮಹಿಮೆಗೆ ಆಚಾರ್ಯರು ಚಕ್ರವರ್ತಿಯನ್ನೋ ಇಂದ್ರನನ್ನೋ ನಿದರ್ಶನವಾಗಿ ಕೊಡಲಿಲ್ಲ. ರಾಜಗೃಹದ ಒಂದು ಕಪ್ಪೆಯನ್ನು ಕೊಟ್ಟರು. ಅದು ಹಿಂದಿನ ಭವದಲ್ಲಿ ನಾಗದತ್ತನೆಂಬ ಶ್ರೇಷ್ಠಿ. ಮಾಯಾಚಾರದ ಫಲವಾಗಿ ತನ್ನದೇ ಮನೆಯಂಗಳದ ಬಾವಿಯಲ್ಲಿ ಕಪ್ಪೆಯಾಗಿ ಹುಟ್ಟಿದನು. ಹೆಂಡತಿ ಭವದತ್ತೆಯನ್ನು ಕಂಡು ಜಾತಿಸ್ಮರಣೆಯಾಗಿ ಅವಳ ಬಳಿಗೆ ಮತ್ತೆ ಮತ್ತೆ ಜಿಗಿಯುತ್ತಿತ್ತು. ಅವಳು ಅವಧಿಜ್ಞಾನಿ ಮುನಿಗಳಿಂದ ನಿಜ ತಿಳಿದು ಆ ಕಪ್ಪೆಯನ್ನು ಗೌರವದಿಂದ ಕಾಪಾಡಿದಳು. ವಿಪುಲಾಚಲಕ್ಕೆ ವರ್ಧಮಾನ ಸ್ವಾಮಿಯ ಸಮವಸರಣ ಬಂದಿತು. ಶ್ರೇಣಿಕ ಮಹಾರಾಜನು ಭೇರಿ ಹೊಡೆಸಿ ಪರಿವಾರಸಹಿತ ಹೊರಟನು. ಭೇರಿಯನ್ನು ಕೇಳಿದ ಕಪ್ಪೆಯೂ ಬಾಯಲ್ಲಿ ಕಮಲವನ್ನು ಕಚ್ಚಿಕೊಂಡು ಹೊರಟಿತು. ದಾರಿಯಲ್ಲಿ ಆನೆಯ ಕಾಲಿಗೆ ಸಿಕ್ಕಿ ಪ್ರಾಣ ಬಿಟ್ಟಿತು. ಪೂಜಾಭಾವದ ಫಲವಾಗಿ ಸೌಧರ್ಮ ಕಲ್ಪದಲ್ಲಿ ದೇವನಾಗಿ, ಕಿರೀಟದಲ್ಲಿ ಕಪ್ಪೆಯ ಚಿಹ್ನೆ ಧರಿಸಿ, ಸಮವಸರಣಕ್ಕೆ ಬಂದು ನಿಂತಿತು. ಆ ಚಿಹ್ನೆಯನ್ನು ಕಂಡು ಶ್ರೇಣಿಕನು ಗೌತಮ ಗಣಧರರನ್ನು ಪ್ರಶ್ನಿಸಿದನು.

ಈ ಕಥೆಯನ್ನು ನಾವು ಭಕ್ತಿಯ ಕಥೆಯಾಗಿ ಕೇಳುತ್ತೇವೆ, ಹಾಗೆ ಕೇಳುವುದು ಸರಿಯೇ. ಆದರೆ ಆನೆಯ ಕಾಲಿನ ಬಳಿ ಒಂದು ಕ್ಷಣ ನಿಲ್ಲೋಣ. ಆ ಆನೆ ಯುದ್ಧಕ್ಕೆ ಹೊರಟದ್ದಲ್ಲ, ಬೇಟೆಗೆ ಹೊರಟದ್ದಲ್ಲ. ಅದರ ಮೇಲೆ ಕುಳಿತವನು ಭಗವಂತನ ದರ್ಶನಕ್ಕೇ ಹೊರಟಿದ್ದನು, ಕಪ್ಪೆಯಂತೆಯೇ. ಒಂದೇ ದಾರಿ, ಒಂದೇ ಗುರಿ, ಒಂದೇ ಭಾವ. ಒಬ್ಬ ಭಕ್ತನ ಮೆರವಣಿಗೆಯ ಅಡಿಯಲ್ಲಿ ಇನ್ನೊಬ್ಬ ಭಕ್ತನ ದೇಹ ಅರೆದುಹೋಯಿತು.

ಈಗ ನಮ್ಮ ಮೆರವಣಿಗೆಗಳ ಕಡೆಗೆ ನೋಡೋಣ. ಮುನಿಗಳು ನಾಲ್ಕು ತಿಂಗಳು ವಿಹಾರವನ್ನು ನಿಲ್ಲಿಸುವುದು ಏಕೆ? ಮಳೆಗಾಲದಲ್ಲಿ ನೆಲವೆಲ್ಲ ಜೀವಮಯವಾಗಿರುತ್ತದೆ, ಹಸಿರು ಚಿಗುರಿರುತ್ತದೆ, ನಡೆದರೆ ಹಿಂಸೆಯಾಗುತ್ತದೆ ಎಂದು. ಬರಿಗಾಲಿನಲ್ಲಿ, ಹಗಲಿನ ಬೆಳಕಿನಲ್ಲಿ, ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ಹೆಜ್ಜೆಯಿಡುವ ಮುನಿಗಳೇ ಇನ್ನು ಸಾಕೆಂದು ನಿಲ್ಲುತ್ತಾರೆ. ನಾವೇನು ಮಾಡುತ್ತೇವೆ? ಅವರು ನಿಂತರೆಂಬ ಕಾರಣಕ್ಕೇ ನಾವು ಹೊರಡುತ್ತೇವೆ! ಚಾತುರ್ಮಾಸದ ದರ್ಶನಕ್ಕೆಂದು, ಕ್ಷೇತ್ರಯಾತ್ರೆಗೆಂದು ಕಾರು, ಬಸ್ಸು, ಟೆಂಪೋಗಳನ್ನು ಹತ್ತಿ ಶನಿವಾರ ಸಂಜೆ ಕಚೇರಿ ಮುಗಿಸಿ ಹೊರಟು, ರಾತ್ರಿಯೆಲ್ಲ ಘಟ್ಟವಿಳಿದು, ಬೆಳಗಿನ ಅಭಿಷೇಕಕ್ಕೆ ತಲುಪುತ್ತೇವೆ. ನಮ್ಮ ಕ್ಷೇತ್ರಗಳಾದರೋ ಕಾಡಿನ ನಡುವೆ: ಹುಂಚ, ವರಾಂಗ, ಸಿಂಹನಗದ್ದೆ, ಕುಂದಾದ್ರಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಆಗುಂಬೆಯ ದಾರಿ, ಘಟ್ಟದ ಹದಿನಾಲ್ಕು ತಿರುವುಗಳು. ಮಳೆ ಬಂದ ರಾತ್ರಿ ಕಪ್ಪೆಗಳು ರಸ್ತೆ ದಾಟಿ ನೀರಿಗೆ ಹೋಗುವ ಹೊತ್ತೂ, ನಮ್ಮ ಗಾಡಿಗಳು ಓಡುವ ಹೊತ್ತೂ ಒಂದೇ. ಮರದಿಂದ ಮರಕ್ಕೆ ತೇಲಬಲ್ಲ ಕಪ್ಪೆಗೂ ರಸ್ತೆಯ ಎರಡೂ ಬದಿಯ ಮರಗಳನ್ನು ಕಡಿದು ಅಗಲಗೊಳಿಸಿದಲ್ಲಿ ನೆಲದ ಮೇಲೆಯೇ ದಾಟದೆ ಗತಿಯಿಲ್ಲ. ಮಳೆಗಾಲದ ಬೆಳಿಗ್ಗೆ ಘಟ್ಟದ ರಸ್ತೆಯಲ್ಲಿ ನಡೆದು ನೋಡಿದವರಿಗೆ ಡಾಂಬರಿಗೆ ಅಂಟಿದ ಚಪ್ಪಟೆಯಾದ ದೇಹಗಳ ಪರಿಚಯವಿರುತ್ತದೆ.

ಇಲ್ಲಿ ಒಂದು ಆಕ್ಷೇಪ ಸಹಜವಾಗಿ ಏಳುತ್ತದೆ. ಕೊಲ್ಲಬೇಕೆಂಬ ಉದ್ದೇಶ ನಮಗಿಲ್ಲ. ಪ್ರಮತ್ತಯೋಗದಿಂದಾದ ಪ್ರಾಣಘಾತವೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ಹೇಳಿದೆ. ಆದ್ದರಿಂದ ಚಕ್ರಕ್ಕೆ ಸಿಕ್ಕಿದ ಕಪ್ಪೆಯ ದೋಷ ನಮ್ಮದಲ್ಲ. ಈ ವಾದವನ್ನು ವಿದ್ಯಾವಂತರೇ ಹೆಚ್ಚಾಗಿ ಮಾಡುತ್ತಾರೆ. ಪ್ರಮಾದವೆಂದರೆ ದ್ವೇಷವೆಂದು ಅರ್ಥವಲ್ಲ, ಎಚ್ಚರವಿಲ್ಲದಿರುವುದು ಎಂದು ಅರ್ಥ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ಕಟುವಾಗಿ ಹೇಳುತ್ತಾರೆ: ಜೀವ ಸಾಯಲಿ, ಬದುಕಲಿ, ಯತ್ನಾಚಾರವಿಲ್ಲದವನಿಗೆ ಹಿಂಸೆ ನಿಶ್ಚಿತ, ಯತ್ನದಿಂದ ಸಮಿತಿಯನ್ನು ಪಾಲಿಸುವವನಿಗೆ ಕೇವಲ ಘಾತದಿಂದ ಬಂಧವಿಲ್ಲ. ಅಂದರೆ ಉದ್ದೇಶವಿರಲಿಲ್ಲವೆಂಬ ಮಾತು ಎಚ್ಚರ ವಹಿಸಿದವನಿಗೆ ಮಾತ್ರ ರಕ್ಷೆ. ಮಳೆಗಾಲದ ರಾತ್ರಿ ಈ ದಾರಿಯಲ್ಲಿ ಕಪ್ಪೆಗಳು ದಾಟುತ್ತವೆಂದು ತಿಳಿದಮೇಲೂ ಅದೇ ಹೊತ್ತನ್ನು ಆರಿಸಿಕೊಳ್ಳುವುದು ಯಾವ ಯತ್ನಾಚಾರ? ಈ ಆಚಾರ್ಯರು ತಪಸ್ಸು ಮಾಡಿದ ಸ್ಥಳವೆಂದು ಐತಿಹ್ಯವು ಹೇಳುವ ಬೆಟ್ಟವೇ ಕುಂದಾದ್ರಿ. ಅವರ ಪಾದಗಳ ದರ್ಶನಕ್ಕೆ ಹೋಗುವ ದಾರಿಯಲ್ಲಿಯೇ ಅವರ ಮಾತು ಮರೆಯಬಾರದು.

ಗಾಡಿ ಓಡಿಸುವವನು ಪ್ರತಿಯೊಂದು ಕಪ್ಪೆಯನ್ನು ನೋಡಿ ಬ್ರೇಕ್ ಹಾಕಲಿ ಎಂದು ನಾನು ಹೇಳುತ್ತಿಲ್ಲ. ಘಟ್ಟದ ಒದ್ದೆ ತಿರುವಿನಲ್ಲಿ ಹಾಗೆ ಮಾಡಿದರೆ ಮನುಷ್ಯರ ಪ್ರಾಣಕ್ಕೇ ಅಪಾಯ. ಹೇಳುತ್ತಿರುವುದು ಸರಳವಾದ ಮಾತು. ಸೂರ್ಯಾಸ್ತದ ಅನಂತರ ಊಟ ಮಾಡದ ಮನೆಗಳು ನಮ್ಮಲ್ಲಿ ಇಂದಿಗೂ ಬಹಳ ಇವೆ. ದೀಪಕ್ಕೆ ಮುತ್ತುವ ಸೂಕ್ಷ್ಮ ಜೀವಿಗಳು ಅನ್ನದಲ್ಲಿ ಬೀಳಬಾರದೆಂಬುದು ಆ ನಿಯಮದ ಒಂದು ಕಾರಣ. ನಾಲ್ಕು ಇಂದ್ರಿಯಗಳ ಜೀವಿಗಳಿಗಾಗಿ ಹಸಿವನ್ನು ತಡೆದುಕೊಳ್ಳುವವರು, ಪಂಚೇಂದ್ರಿಯ ಜೀವಿಗಾಗಿ ಪ್ರಯಾಣವನ್ನು ಬೆಳಗಿಗೆ ಮುಂದೂಡಲಾರರೆ? ವರ್ಷಾಯೋಗದ ನಾಲ್ಕು ತಿಂಗಳು ಘಟ್ಟದ ಕಾಡುದಾರಿಗಳಲ್ಲಿ ರಾತ್ರಿ ಯಾತ್ರೆ ಮಾಡುವುದಿಲ್ಲವೆಂದು ಶ್ರಾವಕರು ನಿಯಮ ತೆಗೆದುಕೊಳ್ಳಬಹುದು. ದಿಗ್‌ವ್ರತ, ದೇಶವ್ರತಗಳು ಇರುವುದೇ ಸಂಚಾರಕ್ಕೆ ಮೇರೆ ಹಾಕಿಕೊಳ್ಳಲು. ಮುನಿಗಳ ಬಳಿ ನಿಯಮ ಕೇಳುವಾಗ ಆಲೂಗಡ್ಡೆ ಬಿಟ್ಟೆ, ಬದನೆ ಬಿಟ್ಟೆ ಎನ್ನುವುದರ ಜೊತೆಗೆ ಇದನ್ನೂ ಸೇರಿಸಿಕೊಳ್ಳಲಿ. ಯಾತ್ರೆಯ ಬಸ್ಸುಗಳನ್ನು ಹೊರಡಿಸುವ ಸಂಘಗಳು ಬೆಳಕಿನಲ್ಲಿ ತಲುಪಿ, ಕ್ಷೇತ್ರದಲ್ಲಿಯೇ ರಾತ್ರಿ ತಂಗಿ, ಬೆಳಕಿನಲ್ಲಿಯೇ ಹಿಂದಿರುಗುವಂತೆ ಏರ್ಪಾಡು ಮಾಡಲಿ. ಒಂದು ರಜೆ ಹೆಚ್ಚು ಬೇಕಾಗುತ್ತದೆ, ನಿಜ. ಕಮಲವನ್ನು ಕಚ್ಚಿಕೊಂಡು ನಗರದಿಂದ ಬೆಟ್ಟದವರೆಗೆ ಹೊರಟ ಆ ಜೀವಕ್ಕೆ ಎಷ್ಟು ಹೊತ್ತು ಬೇಕಾಗಿತ್ತೆಂದು ಯಾರೂ ಲೆಕ್ಕ ಹಾಕಲಿಲ್ಲ.

ಹಾರುವ ಕಪ್ಪೆಯನ್ನು ನೋಡಲೆಂದೇ ಟಾರ್ಚು, ಕ್ಯಾಮೆರಾ ಹಿಡಿದು ರಾತ್ರಿ ಕಾಡಿಗೆ ಹೋಗುವವರು ಈಚೆಗೆ ಹೆಚ್ಚಾಗಿದ್ದಾರೆ. ನೋಡುವ ಆಸೆ ತಪ್ಪಲ್ಲ. ಆದರೆ ಚಿತ್ರ ಚೆನ್ನಾಗಿ ಬರಲೆಂದು ಅದನ್ನು ಹಿಡಿದು ಬೇರೆ ಕೊಂಬೆಗೆ ಕೂರಿಸುವುದು, ಹಾರಲೆಂದು ಕಡ್ಡಿಯಿಂದ ತಿವಿಯುವುದು ಹಿಂಸೆಯೇ. ಚರ್ಮದ ಮೂಲಕವೂ ಉಸಿರಾಡುವ ಜೀವಿ ಅದು. ನಮ್ಮ ಕೈಯ ಉಪ್ಪು, ಸೊಳ್ಳೆ ಓಡಿಸಲು ಬಳಿದುಕೊಂಡ ಮುಲಾಮು ಅದಕ್ಕೆ ಒಳ್ಳೆಯದಲ್ಲ.

ಇನ್ನು ಆ ತಾಯಿಯ ನಂಬಿಕೆಯ ಮಾತು. ನಮ್ಮ ಬಸದಿಗಳಿಗೆ ಕೆರೆ ಕೊಳಗಳ ನಂಟು ಹಳೆಯದು. ಕುಂದಾದ್ರಿಯ ನೆತ್ತಿಯಲ್ಲಿ ಪಾರ್ಶ್ವನಾಥ ಬಸದಿಯ ಮಗ್ಗುಲಲ್ಲೇ ಬಂಡೆಯ ನಡುವೆ ಕೊಳವಿದೆ. ವರಾಂಗದ ಕೆರೆ ಬಸದಿಗೆ ದೋಣಿಯಲ್ಲೇ ಹೋಗಬೇಕು. ಊರೂರಿನ ಚಿಕ್ಕ ಬಸದಿಗಳ ಹಿಂದೆಯೂ ಒಂದು ಬಾವಿ, ಒಂದು ಹೊಂಡ, ಅದರ ಮೇಲೆ ಬಾಗಿದ ಒಂದು ಮರ ಇರುವುದುಂಟು. ಜೀರ್ಣೋದ್ಧಾರದ ಹೆಸರಿನಲ್ಲಿ ಈಗ ಮೊದಲು ಹೋಗುವುದು ಈ ಮರ, ಅನಂತರ ಹೊಂಡ. ಎಲೆ ಬಿದ್ದು ಕಸವಾಗುತ್ತದೆಂದು ಕೊಂಬೆ ಕಡಿಯುತ್ತಾರೆ. ಕೆಸರೆಂದು ಹೊಂಡ ಮುಚ್ಚಿ ಸಿಮೆಂಟಿನ ಇಟ್ಟಿಗೆ ಹಾಸುತ್ತಾರೆ. ಅದಕ್ಕೂ ಕ್ರೂರವಾದದ್ದು, ಕೊಂಬೆಯನ್ನು ಉಳಿಸಿ ಕೆಳಗಿನ ನೀರನ್ನು ಮಾತ್ರ ಖಾಲಿ ಮಾಡುವುದು. ನೊರೆಯಿಂದ ತೊಟ್ಟಿಕ್ಕಿದ ಮರಿಗಳು ಬಿಸಿ ಸಿಮೆಂಟಿನ ಮೇಲೆ ಬೀಳುತ್ತವೆ. ಬಸದಿಯ ಒಳಗೆ ಸೋಸಿದ ನೀರಿನಿಂದ ಅಭಿಷೇಕ ನಡೆಯುತ್ತಿರುತ್ತದೆ. ನೀರನ್ನು ಸೋಸಿದ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ನೀರಿನ ಮೂಲಕ್ಕೆ ಹಿಂದಿರುಗಿಸಬೇಕೆಂಬ ವಿಧಿಯನ್ನು ನಮ್ಮ ಅಜ್ಜಿಯರು ತಪ್ಪದೆ ಪಾಲಿಸುತ್ತಿದ್ದರು. ಹಿಂದಿರುಗಿಸಲು ಮೂಲವೇ ಇಲ್ಲವೆಂದರೆ ಆ ವಿಧಿ ಹೇಗೆ ನಡೆದೀತು?

ಮಲೆನಾಡಿನ ಜೈನ ಬಂಧುಗಳಲ್ಲಿ ಅಡಿಕೆ, ಕಾಫಿ ತೋಟದವರು ಅನೇಕರು. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆಗಾಲದ ಮೊದಲಲ್ಲೂ ನಡುವೆಯೂ ಸಿಂಪಡಿಸಲೇಬೇಕು. ಅದನ್ನು ಬಿಡಿ ಎಂದರೆ ಬದುಕನ್ನೇ ಬಿಡಿ ಎಂದಂತೆ; ಗೃಹಸ್ಥನ ಉದ್ಯೋಗೀ ಹಿಂಸೆಯನ್ನು ಆಚಾರ್ಯರು ಅರಿತೇ ಇದ್ದರು. ಆದರೆ ತಾಮ್ರದ ಅಂಶವು ನೀರಿನೊಳಗಿನ ಗೊದಮೊಟ್ಟೆಗಳಿಗೆ ವಿಷ. ಸಿಂಪಡಣೆ ಮುಗಿದಮೇಲೆ ಡ್ರಮ್ಮು, ಪಂಪು, ಕೊಳವೆಗಳನ್ನು ತೋಟದ ಹೊಂಡದಲ್ಲೋ ಹಳ್ಳದಲ್ಲೋ ತೊಳೆಯುವುದನ್ನು ಬಿಡಬಹುದಲ್ಲ. ಮಿಕ್ಕ ದ್ರಾವಣವನ್ನು ನೀರಿನಿಂದ ದೂರ, ಒಣ ಜಾಗದಲ್ಲಿ ಗುಂಡಿ ತೆಗೆದು ಸುರಿಯಬಹುದಲ್ಲ. ಇದಕ್ಕೆ ಹಣವೂ ಬೇಡ. ಆಳುಗಳಿಗೆ ಒಂದು ಮಾತು ಹೇಳಿ, ಯಜಮಾನರು ಒಮ್ಮೆ ಎದುರು ನಿಂತು ನೋಡಿದರೆ ಸಾಕು.

ಬಸದಿಗಳ ಆಡಳಿತ ಮಂಡಳಿಗಳಿಗೂ ಒಂದು ವಿನಂತಿ. ಕೊಳದ ಹೂಳೆತ್ತುವುದು, ಮೇಲಿನ ಕೊಂಬೆ ಸವರುವುದು ಅನಿವಾರ್ಯವಾದರೆ ಕಾರ್ತಿಕ ಮಾಸ ಕಳೆದಮೇಲೆ ಮಾಡಿಸಿ. ಅಷ್ಟರೊಳಗೆ ವರ್ಷಾಯೋಗ ಮುಗಿದು ಮುನಿಗಳು ವಿಹಾರ ಹೊರಟಿರುತ್ತಾರೆ. ಬಾಲ ಕರಗಿ ಕಾಲು ಮೂಡಿದ ಮರಿಗಪ್ಪೆಗಳೂ ನೀರನ್ನು ಬಿಟ್ಟು ಮರ ಹತ್ತಿರುತ್ತವೆ.